ಸಿಲಬಸ್‌ನಲ್ಲಿ ಇಲ್ಲದ ತ್ರಿಭುಜ, ಸಿಇಟಿಯಲ್ಲಿ ಯಾಕೆ ಬೇಕು?

ಪ್ರಶ್ನೆ: ಮೇಷ್ಟ್ರೇ, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಈಗ ಸಿಇಟಿಗೆ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮ್ಯಾಟ್ರಿಕ್ಸ್ ಚೆನ್ನಾಗಿ ಬರುತ್ತದೆ, ಕ್ಯಾಲ್ಕುಲಸ್ ಪರವಾಗಿಲ್ಲ. ತ್ರಿಭುಜ, ವೃತ್ತ ಅಂದರೆ ಮಾತ್ರ ತಲೆ ಓಡುವುದಿಲ್ಲ. ಹೇಗೂ ಸಿಲಬಸ್‌ನಲ್ಲಿ ಆ ಪಾಠಗಳಿಲ್ಲ, ಬಿಟ್ಟುಬಿಡಬಹುದಾ? ಓದಲೇಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?
— ಒಬ್ಬ ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಆ ಹೆಸರಿನ ಪಾಠ ಇಲ್ಲ, ನಿಜ ಕಣಮ್ಮ. ಆದರೆ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಎದುರಿಗಿಟ್ಟುಕೊಂಡು ನೋಡು. ನಿರ್ದೇಶಾಂಕ ರೇಖಾಗಣಿತ, ವೆಕ್ಟರ್, ಕಾಂಪ್ಲೆಕ್ಸ್ ನಂಬರ್, ಕೊನೆಗೆ ನಿನಗೆ ಪರವಾಗಿಲ್ಲ ಅನ್ನಿಸಿದ ಕ್ಯಾಲ್ಕುಲಸ್ ಒಳಗೂ ಅದೇ ತ್ರಿಭುಜ ಕೂತಿರುತ್ತದೆ. ಗಣಿತದ್ದು 60 ಪ್ರಶ್ನೆ, 80 ನಿಮಿಷ. ಅಂದರೆ ಒಂದೊಂದಕ್ಕೆ 80 ಸೆಕೆಂಡು. ಕ್ಯಾಲ್ಕುಲೇಟರ್ ಇಲ್ಲ. ಅಷ್ಟರಲ್ಲಿ ಓದಬೇಕು, ಬಿಡಿಸಬೇಕು, ಓಎಂಆರ್ ಹಾಳೆ ತುಂಬಬೇಕು. ಚಿತ್ರ ಬರೆಯುವವರಿಗೂ ಬರೆಯದವರಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ಇಲ್ಲೇ.

ಒಂದು ಲೆಕ್ಕ ಕೊಡುತ್ತೇನೆ, ಪೆನ್ಸಿಲ್ ತಗೋ. ತ್ರಿಭುಜದ ಶೃಂಗಗಳು (1, 2), (7, 2), (1, 10). ಪರಿವೃತ್ತದ, ಅಂದರೆ ಮೂರೂ ಶೃಂಗಗಳ ಮೂಲಕ ಹಾಯುವ ವೃತ್ತದ, ಕೇಂದ್ರ ಯಾವುದು?

ನನ್ನ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಕ್ಕಳು ತಕ್ಷಣ ವೃತ್ತದ ಸಾಮಾನ್ಯ ಸಮೀಕರಣ ಬರೆಯುತ್ತಿದ್ದರು. ಮೂರು ಬಿಂದು ತುಂಬಿಸು, ಮೂರು ಸಮೀಕರಣ ತೆಗೆ, ಬಿಡಿಸು. ತಪ್ಪೇನಿಲ್ಲ, ಉತ್ತರ ಬರುತ್ತದೆ. ಅಷ್ಟು ಹೊತ್ತಿಗೆ ಪಕ್ಕದ ಬೆಂಚಿನವಳು ಇನ್ನು ಮೂರು ಪ್ರಶ್ನೆ ಮುಗಿಸಿರುತ್ತಾಳೆ.

ಈಗ ಚಿತ್ರ ಬರೆ. ಮೊದಲ ಎರಡು ಬಿಂದುಗಳಲ್ಲಿ ಎರಡನೇ ಸಂಖ್ಯೆ ಒಂದೇ, 2. ಹಾಗಾಗಿ ಆ ಬಾಹು ಅಡ್ಡಕ್ಕೆ ಮಲಗಿದೆ. ಮೊದಲನೆಯದು ಮತ್ತು ಮೂರನೆಯದರಲ್ಲಿ ಮೊದಲ ಸಂಖ್ಯೆ ಒಂದೇ, 1. ಆ ಬಾಹು ನೆಟ್ಟಗೆ ನಿಂತಿದೆ. ಅಲ್ಲಿಗೆ (1, 2) ಹತ್ತಿರ ಲಂಬಕೋನ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅಂತ ಒಂಬತ್ತನೇ ಕ್ಲಾಸಿನಲ್ಲಿ ಓದಿದ್ದೆ ಅಲ್ವಾ? ಅದನ್ನೇ ತಿರುಗಿಸಿ ಹಾಕು. ಕೋನ ಲಂಬವಾದರೆ ಅದರ ಎದುರಿನ ಬಾಹು, ಅಂದರೆ ವಿಕರ್ಣವೇ ಪರಿವೃತ್ತದ ವ್ಯಾಸ. ವಿಕರ್ಣದ ಮಧ್ಯಬಿಂದು (4, 6). ಅದೇ ಕೇಂದ್ರ. ಬಾಹುಗಳು 6 ಮತ್ತು 8, ವಿಕರ್ಣ 10, ತ್ರಿಜ್ಯ 5. ಮೂರು ಎತ್ತರಗಳು ಸೇರುವ ಬಿಂದು ಕೇಳಿದರೆ? ಲಂಬಕೋನದ ಶೃಂಗವೇ, (1, 2). ಲೆಕ್ಕವೇ ಇಲ್ಲ.

ಅಂತರ್ವೃತ್ತದ, ಅಂದರೆ ಒಳಗಿನಿಂದ ಮೂರೂ ಬಾಹು ಮುಟ್ಟುವ ವೃತ್ತದ, ತ್ರಿಜ್ಯ ಕೇಳಿದರೂ ಹೆದರಬೇಡ. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು (ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆಗಳು) ಸಮ. ಇದು ಹತ್ತನೇ ಕ್ಲಾಸಿನದು. ಲಂಬಕೋನದ ಮೂಲೆಯಲ್ಲಿ ಎರಡು ಸ್ಪರ್ಶಕ, ಎರಡು ತ್ರಿಜ್ಯ ಸೇರಿ ಒಂದು ಪುಟ್ಟ ಚೌಕ ಆಗುತ್ತದೆ. ಅದರ ಬಾಹುವೇ ನಮಗೆ ಬೇಕಾದ ತ್ರಿಜ್ಯ. 6ರಿಂದ ಅದನ್ನು ಕಳೆ, 8ರಿಂದಲೂ ಕಳೆ. ಉಳಿದ ಎರಡು ತುಂಡು ಸೇರಿದರೆ ವಿಕರ್ಣ, ಅಂದರೆ 10. ಹಾಗಾದರೆ 14ರಿಂದ ಎರಡು ತ್ರಿಜ್ಯ ಕಳೆದರೆ 10. ತ್ರಿಜ್ಯ 2. ಒಂದೇ ಚಿತ್ರದಲ್ಲಿ ಎಷ್ಟು ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡು.

ಕ್ಯಾಲ್ಕುಲಸ್ ಕಡೆ ಬಾ. 6 ಮೀಟರ್ ಎತ್ತರದ ದೀಪದ ಕಂಬ. ಒಂದೂವರೆ ಮೀಟರ್ ಎತ್ತರದ ಹುಡುಗಿ ಸೆಕೆಂಡಿಗೆ 1.2 ಮೀಟರ್‌ನಂತೆ ಕಂಬದಿಂದ ದೂರ ನಡೆಯುತ್ತಿದ್ದಾಳೆ. ನೆರಳು ಎಷ್ಟು ವೇಗವಾಗಿ ಉದ್ದವಾಗುತ್ತದೆ? ಇದನ್ನು ಅವಕಲನದ ಲೆಕ್ಕ ಅನ್ನುತ್ತಾರೆ, ಆದರೆ ಮುಖ್ಯ ಕೆಲಸ ಸಮರೂಪ ತ್ರಿಭುಜದ್ದು. ಕಂಬ ಹುಡುಗಿಗಿಂತ 4 ಪಟ್ಟು ಎತ್ತರ. ಹಾಗಾಗಿ ಕಂಬದ ಬುಡದಿಂದ ನೆರಳಿನ ತುದಿಯವರೆಗಿನ ಉದ್ದ ನೆರಳಿನ 4 ಪಟ್ಟು. ಅದರಲ್ಲಿ ಒಂದು ಪಾಲು ನೆರಳು, ಉಳಿದ ಮೂರು ಪಾಲು ಅವಳು ನಡೆದ ದೂರ. ನೆರಳು ಯಾವಾಗಲೂ ದೂರದ ಮೂರನೇ ಒಂದು ಭಾಗ. ವೇಗವೂ ಅಷ್ಟೇ, 0.4 ಮೀಟರ್. ಹುಷಾರು, ನೆರಳಿನ ತುದಿಯ ವೇಗ ಕೇಳಿದರೆ ಉತ್ತರ ಬೇರೆ. ಅವಳ 1.2ನ್ನೂ ಕೂಡಿಸಬೇಕು, 1.6. ಎರಡೂ ಆಯ್ಕೆಗಳಲ್ಲಿ ಪಕ್ಕಪಕ್ಕ ಇರುತ್ತವೆ.

ಕಾಂಪ್ಲೆಕ್ಸ್ ನಂಬರ್‌ನಲ್ಲೂ ಹೀಗೇ. ಒಂದು ಬಿಂದು 2ರಿಂದಲೂ ಮೈನಸ್ 2ರಿಂದಲೂ ಸಮ ದೂರದಲ್ಲಿದೆ, ಅದರ ಬಿಂದುಪಥ ಯಾವುದು ಅಂತ ಮಾಡ್ಯುಲಸ್ ಹಾಕಿ ಕೇಳುತ್ತಾರೆ. ವರ್ಗ ಮಾಡಿ ಬಿಡಿಸುವ ಮೊದಲು ಒಂದು ಕ್ಷಣ ನಿಲ್ಲು. ಎರಡು ಬಿಂದುಗಳಿಂದ ಸಮ ದೂರ ಅಂದರೆ ಲಂಬಾರ್ಧಕ, ಅವೆರಡರ ನಡುವಿನ ಗೆರೆಯನ್ನು ಲಂಬವಾಗಿ ಅರ್ಧ ಮಾಡುವ ಗೆರೆ. ಇಲ್ಲಿ ಅದು ನೆಟ್ಟಗಿನ ಅಕ್ಷ. ಮುಗೀತು.

ಎಲ್ಲಿಂದ ಶುರು ಅಂದೆಯಲ್ಲ. ದಪ್ಪ ಗೈಡ್ ಕೊಳ್ಳಬೇಡ. ಒಂಬತ್ತು ಮತ್ತು ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಸಾಕು. ಮನೆಯಲ್ಲಿ ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಕನ್ನಡದಲ್ಲೇ. ಒಂಬತ್ತನೆಯದರಲ್ಲಿ ವೃತ್ತಗಳ ಪಾಠ ನಿಧಾನವಾಗಿ ಓದು. ಕೇಂದ್ರದಲ್ಲಿನ ಕೋನ ಪರಿಧಿಯಲ್ಲಿನ ಕೋನದ ಎರಡರಷ್ಟು, ಚಕ್ರೀಯ ಚತುರ್ಭುಜದ ಎದುರು ಕೋನಗಳು ಸೇರಿ 180 ಡಿಗ್ರಿ, ಜ್ಯಾಕ್ಕೆ ಕೇಂದ್ರದಿಂದ ಎಳೆದ ಲಂಬ ಅದನ್ನು ಸಮಭಾಗ ಮಾಡುತ್ತದೆ. ಈ ಮೂರು ಸಿಕ್ಕಾಪಟ್ಟೆ ಕೆಲಸಕ್ಕೆ ಬರುತ್ತವೆ. ಹತ್ತನೆಯದರಲ್ಲಿ ಸಮರೂಪತೆ ಮತ್ತು ಸ್ಪರ್ಶಕ. ರಚನೆಯ ಪಾಠ, ಕೈವಾರದ ಕೆಲಸ ಎಲ್ಲ ಈಗ ಬೇಡ.

ಲಂಬಕೋನ ತ್ರಿಭುಜದ ಬಾಹುಗಳಾಗುವ 3-4-5, 5-12-13, 8-15-17, 7-24-25 ಬಾಯಲ್ಲಿರಲಿ. ತ್ರಿಜ್ಯ 5 ಇರುವ ವೃತ್ತ, ಕೇಂದ್ರದಿಂದ 13 ದೂರದಲ್ಲಿ ಒಂದು ಬಿಂದು ಅಂದ ತಕ್ಷಣ ಸ್ಪರ್ಶಕದ ಉದ್ದ 12 ಅಂತ ನಾಲಿಗೆಗೆ ಬರಬೇಕು. ದಿನಕ್ಕೊಂದು ಗಂಟೆ ಕೊಟ್ಟರೆ ವಾರದಲ್ಲಿ ಇಷ್ಟೂ ಆಗುತ್ತದೆ. ಚಿತ್ರವನ್ನು ಸ್ಕೇಲ್ ಇಲ್ಲದೆ ಕೈಯಲ್ಲೇ ಬರೆದು ಅಭ್ಯಾಸ ಮಾಡು. ಪರೀಕ್ಷೆಯಲ್ಲಿ ಪ್ರಶ್ನೆಪುಸ್ತಿಕೆಯ ರಫ್ ವರ್ಕ್ ಜಾಗದಲ್ಲೇ ಬರೆಯಬೇಕು, ಓಎಂಆರ್ ಹಾಳೆ ಮೇಲೆ ಒಂದು ಗೆರೆಯೂ ಬೀಳಬಾರದು.

ಪ್ರಶ್ನೆ: ಸರ್, ಮಗ ಎಸ್ಸೆಸ್ಸೆಲ್ಸಿಯಲ್ಲಿ ಥೇಲ್ಸ್ ಪ್ರಮೇಯ, ಪೈಥಾಗೊರಸ್ ಪ್ರಮೇಯ ಎಲ್ಲ ಬಾಯಿಪಾಠ ಮಾಡಿ ಅಂಕ ತಗೊಂಡ. ಸಿಇಟಿಗೂ ಪ್ರಮೇಯಗಳ ಸಾಧನೆ (ಪ್ರೂಫ್) ಓದಬೇಕಾ? ಕೋಚಿಂಗ್‌ನಲ್ಲಿ ಶಾರ್ಟ್‌ಕಟ್ ಪುಸ್ತಕ ಕೊಟ್ಟಿದ್ದಾರೆ, ಅದು ಸಾಕಲ್ವಾ?
— ಒಬ್ಬ ತಂದೆ, ಗೋಕಾಕ

ಉತ್ತರ: ಸಾಧನೆ ಬೇಡ ಸರ್. ಬಹು ಆಯ್ಕೆಯ ಪ್ರಶ್ನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಶಾರ್ಟ್‌ಕಟ್ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಮೇಲಿನ ಅಂತರ್ವೃತ್ತದ ಲೆಕ್ಕವನ್ನೇ ನೋಡಿ. ಎರಡು ಬಾಹು ಕೂಡಿಸು, ದೊಡ್ಡ ಬಾಹು ಕಳೆ, ಅರ್ಧ ಮಾಡು ಅಂತ ಅವರು ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಲಂಬಕೋನ ತ್ರಿಭುಜಕ್ಕೆ ಮಾತ್ರ ಅನ್ನುವ ಮಾತು ಹುಡುಗನ ತಲೆಯಿಂದ ಜಾರಿರುತ್ತದೆ. ಬಾಹುಗಳು 13, 14, 15 ಅಂತ ಬಂತು ಅನ್ನಿ. ಶಾರ್ಟ್‌ಕಟ್ ಹಾಕಿದರೆ 6. ನಿಜವಾದ ಉತ್ತರ 4. ವಿಸ್ತೀರ್ಣ 84, ಸುತ್ತಳತೆಯ ಅರ್ಧ 21, ಭಾಗಿಸಿದರೆ 4. ಪ್ರಶ್ನೆ ತೆಗೆಯುವವರಿಗೂ ಆ ಶಾರ್ಟ್‌ಕಟ್ ಗೊತ್ತು ಸರ್, ಆಯ್ಕೆಗಳಲ್ಲಿ 6 ಇಟ್ಟಿರುತ್ತಾರೆ! ಸೂತ್ರದ ಪಕ್ಕದಲ್ಲಿ ‘ಯಾವ ತ್ರಿಭುಜಕ್ಕೆ’ ಅಂತ ಮಗನ ಕೈಯಲ್ಲೇ ಬರೆಸಿ. ಪುಸ್ತಕ ಎಸೆಯಬೇಕಿಲ್ಲ.

ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬೇಡ ಅಂತಲೂ ಹೇಳಿ.

ಪ್ರಶ್ನೆ: ಮೊಮ್ಮಗಳು ಸಿಇಟಿಗೆ ಓದುತ್ತಿದ್ದಾಳೆ. ಅವಳ ಗೈಡ್‌ನಲ್ಲಿ ಸಿಗದ ಒಂದು ಲೆಕ್ಕ ಕೊಡಿ. ಸಂಜೆ ಕೂತು ಇಬ್ಬರೂ ಬಿಡಿಸುತ್ತೇವೆ.
— ನಿವೃತ್ತ ನೌಕರರು, ಸಾಗರ

ಉತ್ತರ: ಭಾಸ್ಕರಾಚಾರ್ಯರ ‘ಲೀಲಾವತಿ’ಯದ್ದು ಕೊಡುತ್ತೇನೆ, 1150ರದ್ದು. 9 ಮೊಳ ಎತ್ತರದ ಕಂಬ, ಮೇಲೆ ನವಿಲು. ಕಂಬದ ಬುಡದಲ್ಲಿ ಹಾವಿನ ಬಿಲ. ಕಂಬದ ಮೂರರಷ್ಟು, ಅಂದರೆ 27 ಮೊಳ ದೂರದಿಂದ ಹಾವು ಬಿಲದ ಕಡೆ ಬರುತ್ತಿದೆ. ನವಿಲು ಓರೆಯಾಗಿ ಹಾರಿ ಹಿಡಿಯಿತು. ಎರಡೂ ಸಾಗಿದ ದೂರ ಸಮ. ಬಿಲದಿಂದ ಎಷ್ಟು ಮೊಳದಲ್ಲಿ ಹಿಡಿಯಿತು?

ಚಿತ್ರ ಬರೆದರೆ ಲಂಬಕೋನ ತ್ರಿಭುಜ. ವಿಕರ್ಣ ಮತ್ತು ಅಡ್ಡ ಬಾಹು ಸೇರಿ 27. ಅವುಗಳ ವರ್ಗಗಳ ವ್ಯತ್ಯಾಸ 81. 81ನ್ನು 27ರಿಂದ ಭಾಗಿಸಿದರೆ 3, ಅದು ಅವೆರಡರ ವ್ಯತ್ಯಾಸ. ಮೊತ್ತ 27, ವ್ಯತ್ಯಾಸ 3. ಹಾಗಾದರೆ 15 ಮತ್ತು 12. ಬಿಲದಿಂದ 12 ಮೊಳ. ನಮ್ಮ 3-4-5 ಅನ್ನೇ ಮೂರು ಪಟ್ಟು ಮಾಡಿ ಇಟ್ಟಿದ್ದಾರೆ.

ನಿಮ್ಮ ಮೊಮ್ಮಗಳಿಗೆ ಸ್ವಲ್ಪ ಬದಲಿಸಿ ಕೊಡಿ. ಕಂಬ 8 ಮೊಳ, ಹಾವು 16 ಮೊಳ ದೂರ. 80 ಸೆಕೆಂಡು ಗಡಿಯಾರ ನೋಡಿ. ಉತ್ತರ ಮುಂದಿನ ಸಂಚಿಕೆಯಲ್ಲಿ.