ಗಂಟೆ ನೋಡಲು ಹೋದಾಗ ಪಕ್ಕದ ಗೋಡೆಗಳನ್ನೂ ನೋಡು

ಫಿಲಡೆಲ್ಫಿಯಾಕ್ಕೆ ಓದಲು ಬರುತ್ತಿದ್ದೀಯ ಅಂತ ಕೇಳಿ ಖುಷಿಯಾಯಿತು. ಇಲ್ಲಿನ ಹೆಸರಾಂತ ಗಂಟೆ ಲಿಬರ್ಟಿ ಬೆಲ್ ಒಡೆದದ್ದು ಹೇಗೆ, ಜುಲೈ 4ಕ್ಕೆ ಯಾಕಷ್ಟು ಸಡಗರ, ಸ್ಟ್ಯಾಚ್ಯೂ ಆಫ್ ಲಿಬರ್ಟಿ ಮತ್ತು ನಯಾಗರ ಯಾವಾಗ ನೋಡುವುದು, ಈ ಊರಿಗೂ ನಮ್ಮ ಕಡೆಗೂ ಏನಾದರೂ ನಂಟಿದೆಯಾ ಅಂತ ಕೇಳಿದ್ದೀಯ. 19 ವರ್ಷದಿಂದ ಇಲ್ಲಿರುವವನು, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಗಂಟೆ 1752ರಲ್ಲಿ ಲಂಡನ್‌ನಿಂದ ಹಡಗಿನಲ್ಲಿ ಬಂತು. ಸರಿಯಿದೆಯಾ ಅಂತ ಬಾರಿಸಿ ನೋಡಿದಾಗಲೇ ಬಿರುಕು ಬಿಟ್ಟಿತು. ಪಾಸ್ ಮತ್ತು ಸ್ಟೋ ಅನ್ನುವ ಇಲ್ಲಿನ ಇಬ್ಬರು ಅದನ್ನು ಕರಗಿಸಿ ಎರಡು ಸಲ ಎರಕ ಹೊಯ್ದರು. ಮುಂದೆ ಅದೂ ಸೀಳಿತು. ಇವತ್ತು ಕಾಣುವ ಅಗಲವಾದ ಸೀಳು ನಿಜಕ್ಕೂ ರಿಪೇರಿ. ಅಂಚುಗಳು ಒಂದಕ್ಕೊಂದು ಉಜ್ಜಬಾರದು ಅಂತ ಬೇಕೆಂದೇ ಕೊರೆದು ಅಗಲ ಮಾಡಿದ್ದು. 1846ರಲ್ಲಿ ದೇಶದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಹುಟ್ಟುಹಬ್ಬಕ್ಕೆ ಬಾರಿಸಿದಾಗ ಸೀಳು ಇನ್ನೂ ಮೇಲಕ್ಕೆ ಹರಿಯಿತು. ಅಲ್ಲಿಗೆ ಅದರ ದನಿ ನಿಂತಿತು.

ಲಿಬರ್ಟಿ ಬೆಲ್ ಅನ್ನುವ ಹೆಸರು 1776ರದ್ದಲ್ಲ. ಅದನ್ನು ಬಳಕೆಗೆ ತಂದವರು 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದವರು. ನಾಡಿನ ಎಲ್ಲರಿಗೂ ಬಿಡುಗಡೆ ಸಾರಿರಿ ಅನ್ನುವ ಬೈಬಲ್ ಮಾತು ಅದರ ಮೇಲಿದೆಯಲ್ಲ, ಅವರು ಹಿಡಿದುಕೊಂಡದ್ದು ಅದನ್ನೇ.

ಅದಕ್ಕೇ ಹೇಳುವುದು, ಗಂಟೆಯ ಜೊತೆ ಫೋಟೋ ತೆಗೆಸಿಕೊಂಡು ಸುಮ್ನೆ ಹೊರಟುಬಿಡಬೇಡ. ಪಕ್ಕದಲ್ಲೇ ಚಾವಣಿಯಿಲ್ಲದ ಕೆಲವು ಗೋಡೆಗಳಿವೆ. ಈ ಊರು ದೇಶದ ರಾಜಧಾನಿಯಾಗಿದ್ದಾಗ ಅಧ್ಯಕ್ಷ ವಾಷಿಂಗ್ಟನ್ ಇದ್ದ ಮನೆಯ ಜಾಗ ಅದು. ಅಲ್ಲಿ ಒಂಬತ್ತು ಜನ ಗುಲಾಮರನ್ನೂ ಇಟ್ಟುಕೊಂಡಿದ್ದರು. ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಇಲ್ಲೇ ಇದ್ದರೆ ಬಿಡುಗಡೆ ಕೇಳಬಹುದು ಅಂತ ಪೆನ್ಸಿಲ್ವೇನಿಯಾದಲ್ಲಿ ಕಾನೂನಿತ್ತು. ಆ ಗಡುವು ಮುಟ್ಟದ ಹಾಗೆ ಅವರನ್ನು ಆಗಾಗ ರಾಜ್ಯದ ಹೊರಗೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಓನಾ ಜಡ್ಜ್ ಅನ್ನುವ ಹುಡುಗಿ 1796ರಲ್ಲಿ, ಮನೆಯವರು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಹೊರಗೆ ನಡೆದು ಹಡಗು ಹತ್ತಿದಳು. ಹುಡುಕಿಸಿದರೂ ವಾಪಸ್ ಕರೆತರಲು ಆಗಲಿಲ್ಲ. ಊರಿಂದ ಯಾರೇ ಬರಲಿ, ನಾನು ಮೊದಲು ನಿಲ್ಲಿಸುವುದು ಅಲ್ಲೇ.

ಜುಲೈ 4ರ ವಿಷಯ. ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು 1776ರ ಜುಲೈ 2ರಂದು. ಘೋಷಣೆಯ ಬರಹವನ್ನು ಒಪ್ಪಿದ್ದು 4ರಂದು. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಒಪ್ಪಿದ ದಿನವೇ ಹಬ್ಬವಾಯಿತು.

ನಮ್ಮ ನಂಟು? ಖಂಡಿತ ಇದೆ. 1777ರಲ್ಲಿ ಬ್ರಿಟಿಷ್ ಸೈನ್ಯದೊಂದಿಗೆ ಈ ಊರಿನೊಳಗೆ ಬಂದವನು ಕಾರ್ನ್‌ವಾಲಿಸ್. ಅವರು ಬರುವ ಮೊದಲೇ ಗಂಟೆಯನ್ನು ಅಲೆನ್‌ಟೌನ್‌ಗೆ ಸಾಗಿಸಿ ಚರ್ಚಿನ ನೆಲದಡಿ ಬಚ್ಚಿಟ್ಟಿದ್ದರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅವನ ಸೈನ್ಯ ಶರಣಾಯಿತು. ಹತ್ತು ವರ್ಷದ ನಂತರ ಬೆಂಗಳೂರು ಕೋಟೆ ಹಿಡಿದವನೂ ಅವನೇ, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕೇಳಿದವನೂ ಅವನೇ. ಇನ್ನೊಂದು ಸಂಗತಿ ಇದೆ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಪುಟ್ಟ ಹಡಗೊಂದು ತನಗಿಂತ ಜಾಸ್ತಿ ಬಲದ ಬ್ರಿಟಿಷ್ ಹಡಗನ್ನು ಹಿಡಿಯಿತು. ಆ ಪುಟ್ಟ ಹಡಗಿನ ಹೆಸರು ಹೈದರ್ ಅಲಿ! ಅಲ್ಲಿ ಮೈಸೂರಿನವರು ಯಾರ ಮೇಲೆ ಹೋರಾಡುತ್ತಿದ್ದರೋ, ಇಲ್ಲಿನವರಿಗೂ ಅವರೇ ಶತ್ರುಗಳು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಸ್ಟ್ಯಾಚ್ಯೂ ಆಫ್ ಲಿಬರ್ಟಿ ನೋಡಲು ನ್ಯೂಯಾರ್ಕ್‌ಗೆ ಬಸ್ಸಿನಲ್ಲಿ ಎರಡು ಗಂಟೆ ದಾರಿ. ಕೈಯಲ್ಲಿರುವ ದೀವಟಿಗೆಯವರೆಗೆ ಹತ್ತಲು ಆಗುವುದಿಲ್ಲ, 1916ರಿಂದ ಮುಚ್ಚಿದ್ದಾರೆ. ನಯಾಗರಕ್ಕೆ ಚಳಿಗಾಲ ಕಳೆದ ಮೇಲೆ ಹೋಗು. ಕೆನಡಾ ಬದಿಯಿಂದ ನೋಡಬೇಕಾದರೆ ಅವರ ವೀಸಾ ಬೇರೆ ಬೇಕು, ಮರೆಯಬೇಡ.

ಗಂಟೆ ನೋಡಲು ದುಡ್ಡೂ ಬೇಡ, ಟಿಕೆಟ್ಟೂ ಬೇಡ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ಅಲ್ಲಿಂದ ಡೆಲವೇರ್ ನದಿಗೆ ನಡೆದೇ ಹೋಗಬಹುದು. ಬಂದ ಮೊದಲ ಶನಿವಾರ ಹೇಳು, ನಾನೇ ಕರೆದುಕೊಂಡು ಹೋಗುತ್ತೇನೆ.