15 ವರ್ಷದಿಂದ ನರ್ಸಿಂಗ್ ಪಾಠ ಮಾಡ್ತಿದ್ದೇನೆ, ಸ್ಮಾರ್ಟ್‌ಬೋರ್ಡ್ ಮುಂದೆ ಮಾತ್ರ ಕೈ ನಡುಗುತ್ತದೆ. ಧೈರ್ಯ ಬರೋದು ಹೇಗೆ?

ಮೇಡಂ, ವಾರ್ಡಿನಲ್ಲಿ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವಾಗ ನಡುಗದ ಕೈ ಇಲ್ಲಿ ಯಾಕೆ ನಡುಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಕ್ಯಾನುಲಾ ನೂರಾರು ಸಲ ಹಾಕಿದ್ದೀರಿ. ಬೋರ್ಡನ್ನು ಹತ್ತು ಸಲವೂ ಮುಟ್ಟಿರಲಿಕ್ಕಿಲ್ಲ. ಅಷ್ಟೇ.

ನಾನು ನರ್ಸಿಂಗ್ ಫೌಂಡೇಶನ್, ಅಂದರೆ ನರ್ಸಿಂಗ್‌ನ ಮೂಲಪಾಠ ಹೇಳಿಕೊಡುವವಳು. 2020ರ ಲಾಕ್‌ಡೌನ್‌ನಲ್ಲಿ ಸ್ಟೆರೈಲ್ (ಕ್ರಿಮಿರಹಿತ) ಗ್ಲೌಸ್ ಹಾಕೋದನ್ನು ವಿಡಿಯೋ ಮಾಡಿ ಕಳಿಸಿ ಅಂದರು. ಖಾಲಿ ಸ್ಕಿಲ್ ಲ್ಯಾಬ್, ಸಹಾಯಕ್ಕೆ ಯಾರೂ ಇಲ್ಲ. ಡ್ರಿಪ್ ಸ್ಟ್ಯಾಂಡಿಗೆ ಪ್ಲಾಸ್ಟರ್ ಸುತ್ತಿ ಫೋನ್ ಕಟ್ಟಿ, ಡೆಮೊ ಮಾಡಿದೆ. ರಾತ್ರಿ ಮನೆಯಲ್ಲಿ ನೋಡಿದರೆ ನನ್ನ ಕೈಯೇ ಮೋಸ ಮಾಡಿತ್ತು. ಎರಡನೇ ಗ್ಲೌಸ್ ಎಳೆಯುವಾಗ, ಆಗಲೇ ಗ್ಲೌಸ್ ಹಾಕಿದ್ದ ಕೈಯ ಹೆಬ್ಬೆರಳು ಇನ್ನೊಂದು ಕೈಯ ಬರಿ ಮಣಿಕಟ್ಟಿಗೆ ತಾಗಿತ್ತು. ಬರಿ ಚರ್ಮಕ್ಕೆ ತಾಗಿದರೆ ಗ್ಲೌಸ್ ಸ್ಟೆರೈಲ್ ಆಗಿ ಉಳಿಯೋದಿಲ್ಲ. ಇದೇ ತಪ್ಪಿಗೆ ಎಷ್ಟು ಮಕ್ಕಳ ಮಾರ್ಕ್ಸ್ ಕತ್ತರಿಸಿದ್ದೆನೋ!

ಡಿಲೀಟ್ ಮಾಡೋಣ ಅನ್ನಿಸಿತು. ಮಾಡಲಿಲ್ಲ. ಅದನ್ನೇ ಗ್ರೂಪಿಗೆ ಹಾಕಿ 'ಮೇಡಂ ಎಲ್ಲಿ ತಪ್ಪಿದ್ದಾರೆ, ಹುಡುಕಿ' ಅಂದೆ. ಕ್ಲಾಸಿನಲ್ಲಿ ಬಾಯೇ ಬಿಡದ ಕೇರಳದ ಹುಡುಗಿಯೊಬ್ಬಳು ಮೊದಲು ಹಿಡಿದಳು, ಎಷ್ಟನೇ ಸೆಕೆಂಡ್ ಅಂತ ಸಮೇತ. ಮರ್ಯಾದೆ ಏನೂ ಹೋಗಲಿಲ್ಲ, ಆಮೇಲೆ ಮಕ್ಕಳು ಜಾಸ್ತಿ ಪ್ರಶ್ನೆ ಕೇಳತೊಡಗಿದರು. ಫೋನ್ ಬಗ್ಗೆ ನನಗಿದ್ದ ಭಯ ಅಲ್ಲಿಗೇ ಅರ್ಧ ಇಳಿಯಿತು, ಯಾಕೆಂದರೆ ಕೈಯಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿರುವ ಪ್ರೊಸೀಜರ್, ಹೊಸದು ಬರೀ ಕ್ಯಾಮೆರಾ.

ಹಾಗಾಗಿ ಸದ್ಯಕ್ಕೆ ಹತ್ತು ಆ್ಯಪ್ ಕಲಿಯೋಕೆ ಹೋಗಬೇಡಿ. ನಿಮಗೆ ನಿದ್ದೆಯಲ್ಲೂ ಬರುವ ಒಂದು ಪ್ರೊಸೀಜರ್ ಹಿಡಿದು ವಿಡಿಯೋ ಮಾಡಿ. ಎರಡು ದಿನದ ವರ್ಕ್‌ಶಾಪ್ ಸರ್ಟಿಫಿಕೇಟು ಫೈಲಿಗೆ ಸರಿ, ಸೋಮವಾರಕ್ಕೆ ಎಲ್ಲ ಮರೆತಿರುತ್ತದೆ.

ಇನ್ನೊಂದು ಮಾತು, ತಪ್ಪೆಲ್ಲ ನಮ್ಮದೇ ಅಲ್ಲ. ನಾನು ಮೊದಲಿದ್ದ ಕಾಲೇಜಿನಲ್ಲಿ ಸಿಪಿಆರ್ ಮ್ಯಾನಿಕಿನ್ ತಂದರು, ಅಂದರೆ ಹೃದಯ ನಿಂತವರ ಎದೆ ಒತ್ತೋದನ್ನು ಅಭ್ಯಾಸ ಮಾಡುವ ಗೊಂಬೆ. ಎದೆ 5-6 ಸೆಂ.ಮೀ. ಒತ್ತಿದರೆ, ನಿಮಿಷಕ್ಕೆ 100-120ರ ಲಯ ಇದ್ದರೆ ಹಸಿರು ದೀಪ ಉರಿಯುತ್ತದೆ. ಇನ್‌ಸ್ಪೆಕ್ಷನ್ ದಿನ ಬಿಟ್ಟು ಉಳಿದ ದಿನ ಅದಕ್ಕೆ ಪ್ಲಾಸ್ಟಿಕ್ ಕವರು, ಬೀಗ. 'ಹಾಳಾದರೆ ದುಡ್ಡು ಯಾರು ಕೊಡ್ತಾರೆ?' ಕಾಲೇಜಿನವರೇ ಹೀಗಂದರೆ ಯಾವ ಟೀಚರಿಗೆ ಮುಟ್ಟೋ ಧೈರ್ಯ ಬರುತ್ತದೆ ಹೇಳಿ? ಆದರೆ ತಂತ್ರಜ್ಞಾನದಿಂದ ತಪ್ಪಿಸಿಕೊಳ್ಳೋಕೂ ಆಗಲ್ಲ. 2021ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸಿಲಬಸ್‌ನಲ್ಲಿ ಬಿಎಸ್ಸಿ ಮಕ್ಕಳಿಗೆ ಎರಡನೇ ಸೆಮಿಸ್ಟರಿನಲ್ಲೇ ನರ್ಸಿಂಗ್ ಇನ್ಫಾರ್ಮ್ಯಾಟಿಕ್ಸ್ (ನರ್ಸಿಂಗ್‌ನಲ್ಲಿ ಕಂಪ್ಯೂಟರ್, ಮಾಹಿತಿ ತಂತ್ರಜ್ಞಾನದ ಬಳಕೆ) ಇದೆ.

ಬೋರ್ಡಿನ ವಿಷಯಕ್ಕೆ ಬಂದರೆ, ಒಂದು ವಾರ ಕ್ಲಾಸಿಗೆ ಕಾಲು ಗಂಟೆ ಮೊದಲೇ ಹೋಗಿ. ಬಾಗಿಲು ಹಾಕಿಕೊಂಡು ಆನ್ ಮಾಡಿ, ಆಫ್ ಮಾಡಿ, ಸುಮ್ನೆ ಗೀಚಿ, ಅಳಿಸಿ. ಹಾಂ, ಪಿಪಿಟಿ ಪೆನ್‌ಡ್ರೈವ್‌ನಲ್ಲೂ ಇರಲಿ. ನಿಮ್ಮಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ವೈಫೈ ಮೂರನೇ ಮಹಡಿ ಹತ್ತೋದಿಲ್ಲ.