ಅಮೆರಿಕದ ಶಾಲೆಗಳಲ್ಲಿ ಗುಂಡಿನ ದಾಳಿ ತಡೆಯಲು ಮಕ್ಕಳನ್ನು ಕಳೆದುಕೊಂಡ ಪೋಷಕರು ಏನು ಮಾಡುತ್ತಿದ್ದಾರೆ?

ಮುಖ್ಯವಾಗಿ, ಅಪಾಯದ ಸುಳಿವು ಕಂಡರೆ ಬಾಯಿಬಿಟ್ಟು ಹೇಳುವುದನ್ನು ಮಕ್ಕಳಿಗೆ ಕಲಿಸುತ್ತಿದ್ದಾರೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಸಿಬ್ಬಂದಿ ಬಲಿಯಾದರು. ನೊಂದ ಪೋಷಕರು ಕಟ್ಟಿದ ‘ಸ್ಯಾಂಡಿ ಹುಕ್ ಪ್ರಾಮಿಸ್’ ಎಂಬ ಸಂಸ್ಥೆ ಶಾಲೆಗಳಿಗೆ ‘ಸೇ ಸಮ್‌ಥಿಂಗ್’ (ಏನಾದರೂ ಹೇಳಿ) ಎಂಬ ತರಬೇತಿ ಕೊಡುತ್ತದೆ. ದಾಳಿ ಮಾಡುವವರು ಬಹುಪಾಲು ಮೊದಲೇ ಯಾರಿಗಾದರೂ ಸುಳಿವು ಬಿಟ್ಟಿರುತ್ತಾರೆ. “ನಾಳೆ ಸ್ಕೂಲಿಗೆ ಬರಬೇಡ” ಎಂಬಂಥ ಮೆಸೇಜು ಕಂಡರೆ ಸ್ಕ್ರೀನ್‌ಶಾಟ್ ತೆಗೆದು, ತಮ್ಮ ಹೆಸರು ಹೇಳದೆ ಸಂಸ್ಥೆಯ ಆ್ಯಪ್‌ನಲ್ಲಿ ಕಳಿಸಬಹುದು. 24 ಗಂಟೆಯೂ ನಡೆಯುವ ಕೇಂದ್ರ ಅದನ್ನು ಶಾಲೆಯ ತಂಡಕ್ಕೆ, ಜೀವಾಪಾಯವಿದ್ದರೆ ಪೊಲೀಸರಿಗೂ ಮುಟ್ಟಿಸುತ್ತದೆ. ಹೆಚ್ಚಾಗಿ ಅಡ್ಡಿಯಾಗುವುದು ಆ್ಯಪ್ ಅಲ್ಲ, ಚಾಡಿಕೋರ ಎನ್ನಿಸಿಕೊಳ್ಳುವ ಭಯ.

ದಾಳಿಗೆ ಬಳಸುವ ಬಂದೂಕು ಸಾಮಾನ್ಯವಾಗಿ ಬರುವುದು ದಾಳಿಕೋರನ ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ಹಾಗಾಗಿ ಬಂದೂಕಿನಿಂದ ಗುಂಡು ತೆಗೆದು ಅದನ್ನು ಬೀಗ ಹಾಕಿಟ್ಟು, ಗುಂಡುಗಳನ್ನು ಬೇರೆಯೇ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬೇಕು. ಬೀರುವಿನ ಮೇಲೆ ಬಚ್ಚಿಟ್ಟರೆ ಸಾಲದು. ಮಕ್ಕಳಿಗೆ ಆ ಜಾಗ ಗೊತ್ತಿರುತ್ತದೆ.